ನಂಬಿ ಕೊಟ್ಟ ಮುಖ

"ಇಲ್ಲೆ ಕಾವೇರಿ ಅಂದ್ರ ಯಾರು?"

ಬ್ಯೂಟಿ ಪಾರ್ಲರಿನ ಬಾಗಿಲ ಪರದೆ ಸರಕ್ಕನೆ ಸರಿಯಿತು. ಹೊಸ್ತಿಲಲ್ಲಿ ಮೂವತ್ತರ ಆಸುಪಾಸಿನ ಗಂಡಸೊಬ್ಬ ನಿಂತಿದ್ದ. ಅಂಗಿಯ ತೋಳಿಗೆಲ್ಲ ಮೆಣಸಿನಕಾಯಿಯ ಕೆಂಪು ಧೂಳು. ಕಣ್ಣು ಅದಕ್ಕಿಂತ ಕೆಂಪು.

ಕುರ್ಚಿಯಲ್ಲಿ ಒರಗಿದ್ದ ಬ್ಯಾಂಕ್ ಕ್ಯಾಶಿಯರ್ ಹೆಂಡತಿ ಗಡಬಡಿಸಿ ಸೆರಗು ಎಳೆದುಕೊಂಡರು. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಹೆಂಗಸರು ಎದ್ದು ನಿಂತರು. ಕಾವೇರಿ ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದಳು. ಒಂದು ಹುಬ್ಬು ತೀಡಿ ಮುಗಿದಿತ್ತು, ಇನ್ನೊಂದು ಬಾಕಿ ಇತ್ತು.

"ಇದು ಹೆಣ್ಣುಮಕ್ಕಳು ಬರೋ ಜಾಗಾ. ಹೊರಗ ನಿಂದ್ರಿ, ಬರ್ತೇನಿ."

"ಹೊರಗ ನಿಂದ್ರೂದು ಆಮ್ಯಾಲೆ. ಮೊದ್ಲ ಇದನ್ನ ನೋಡು."

ಅವನು ಹಿಂದಿದ್ದ ಹುಡುಗಿಯ ಕೈ ಹಿಡಿದು ಮುಂದೆ ತಂದ. ಮುಖಕ್ಕೆ ಸುತ್ತಿಕೊಂಡಿದ್ದ ವೇಲು ಜಾರಿತು.

ಶ್ವೇತಾ... ಹತ್ತು ದಿನಗಳ ಹಿಂದೆ ಇದೇ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದ ಹುಡುಗಿ. ಈಗ ಎರಡೂ ಕೆನ್ನೆ ಬೆಂಕಿ ತಾಗಿದಂತೆ ಕೆಂಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಬಾಯಿಯ ಸುತ್ತ ಸಿಪ್ಪೆ ಸುಲಿಯುತ್ತಿತ್ತು.

"ನಾ ಈಕಿ ಅಣ್ಣ, ಕೊಟ್ರೇಶ. ಮುಂದಿನ ವಾರ ಹಾವೇರಿಯಿಂದ ಗಂಡಿನವರು ಬರೋರದಾರ. ಏನು ಹಚ್ಚೀದಿ ನನ್ನ ತಂಗಿ ಮುಖಕ್ಕ?"

ಕಾವೇರಿಗೆ ಒಂದೇ ನೋಟಕ್ಕೆ ತಿಳಿಯಿತು. ಆವತ್ತು ಮುಖ ಮುಟ್ಟಿದಾಗಲೇ ಅವಳಿಗೆ ಅನುಮಾನ ಬಂದಿತ್ತು. ಚರ್ಮ ಹಾಲಿನ ಕೆನೆಯಷ್ಟು ತೆಳ್ಳಗಾಗಿತ್ತು. ಮೆಲ್ಲಗೆ ಕೇಳಿದಾಗ ಶ್ವೇತಾ ಅತ್ತುಬಿಟ್ಟಿದ್ದಳು. ಮೊದಲು ನೋಡಲು ಬಂದಿದ್ದ ಗಂಡಿನವರು ಹುಡುಗಿ ಕಪ್ಪು ಎಂದು ಹೋದ ಮೇಲೆ, ಐದು ತಿಂಗಳಿಂದ ಯಾರಿಗೂ ಗೊತ್ತಾಗದಂತೆ ಮೆಡಿಕಲ್ ಅಂಗಡಿಯ ತುರಿಕೆ ಮುಲಾಮನ್ನು ದಿನಾ ಮುಖಕ್ಕೆ ಬಳಿದುಕೊಳ್ಳುತ್ತಿದ್ದಳು. 'ಒಮ್ಮಿಂದೊಮ್ಮೆಲೆ ಬಿಡಬ್ಯಾಡ, ಮೊದ್ಲ ಡಾಕ್ಟರಿಗೆ ತೋರಿಸು' ಎಂದು ಹೇಳಿ ಕಳಿಸಿದ್ದಳು ಕಾವೇರಿ. ಹುಡುಗಿ ಹೆದರಿ ಮುಲಾಮು ಒಮ್ಮೆಲೇ ಬಿಟ್ಟಿದ್ದಳು, ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹಾಗೆ ಬಿಟ್ಟಿದ್ದಕ್ಕೇ ಚರ್ಮ ಹೀಗೆ ಸಿಡಿದೆದ್ದಿತ್ತು.

ಅಣ್ಣನ ಬೆನ್ನ ಹಿಂದಿನಿಂದ ಶ್ವೇತಾಳ ಕಣ್ಣು ಬೇಡಿಕೊಳ್ಳುತ್ತಿತ್ತು. ಹೇಳಬ್ಯಾಡ್ರಿ ಅಕ್ಕಾ...

"ನಾ ಹಚ್ಚಿದ್ದರಿಂದ ಆಗಿದ್ದಲ್ಲ ಇದು," ಎಂದಳು ಕಾವೇರಿ.

"ಮತ್ತ ಯಾತರಿಂದ ಆತು?"

ಅವಳು ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಬೆಂಚಿನ ಹತ್ತಿರದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈಗ ಬಾಯಿ ಕಟ್ಟೀತು," ಕೊಟ್ರೇಶ ಕಹಿಯಾಗಿ ನಕ್ಕ. "ಕೇಳಿದಿರಲ್ರಿ ಅಕ್ಕಾರ? ನಿಮ್ಮ ಮುಖಾನೂ ಈಕಿ ಕೈಯಾಗ ಕೊಡೂ ಮುಂದ ವಿಚಾರ ಮಾಡ್ರಿ."

"ಹುಬ್ಬಳ್ಳಿಗೆ ಚರ್ಮದ ಡಾಕ್ಟರ್ ಕಡೆ ಇವತ್ತ ಕರಕೊಂಡು ಹೋಗ್ರಿ," ಎಂದಳು ಕಾವೇರಿ. "ಅಲ್ಲೀತನ ಅರಿಷಿಣ, ಕಡ್ಲಿಹಿಟ್ಟು, ಏನೂ ಹಚ್ಚಬ್ಯಾಡ್ರಿ."

"ನಿನ್ನ ಉಪದೇಶ ಸಾಕು."

ಅವನು ಹೊರಟುಹೋದ. ಕಾಯುತ್ತಿದ್ದ ಇಬ್ಬರೂ ಏನೋ ನೆಪ ಹೇಳಿ ಜಾಗ ಬಿಟ್ಟರು. ಕ್ಯಾಶಿಯರ್ ಹೆಂಡತಿ ಒಂದೇ ಹುಬ್ಬು ತೀಡಿಸಿಕೊಂಡು ಬೀದಿಗಿಳಿಯಲಾರದೆ ಬಿಗಿಯಾಗಿ ಕುಳಿತು ಇನ್ನೊಂದನ್ನೂ ಮಾಡಿಸಿಕೊಂಡರು. ಮತ್ತೆ ಬರಲಿಲ್ಲ.

---

ಅದು ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿ. ಕಾವೇರಿ ಹುಬ್ಬಳ್ಳಿಯಲ್ಲಿ ಕೋರ್ಸು ಮುಗಿಸಿ, ತವರೂರು ರಾಣೆಬೆನ್ನೂರಿನಲ್ಲಿ ಪಾರ್ಲರ್‌ಗಳು ಸಾಕಷ್ಟಿವೆಯೆಂದು ಬ್ಯಾಡಗಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ರವಿಕೆ ಹೊಲಿಯುವ ರಹಿಮತಬಿಯ ಮನೆಯ ಮುಂಗೋಣೆ ಬಾಡಿಗೆಗೆ ಸಿಕ್ಕಿತ್ತು. ಮೊದಲ ಮೂರು ತಿಂಗಳು ನೊಣ ಹೊಡೆದಿದ್ದಳು. ರವಿಕೆ ಅಳತೆ ಕೊಡಲು ಬಂದವರನ್ನು ರಹಿಮತಬಿಯೇ ಒಬ್ಬೊಬ್ಬರನ್ನಾಗಿ ಈ ಕಡೆ ತಳ್ಳುತ್ತಿದ್ದಳು. ಒಬ್ಬಳ ಹುಬ್ಬು ಚೆನ್ನಾಗಿ ಬಂದರೆ ಅವಳ ನಾದಿನಿ ಬರುತ್ತಿದ್ದಳು. ನಾದಿನಿಯ ಮದುವೆಗೆ ಮೆಹಂದಿ ಹಾಕಿದರೆ ಬೀಗರ ಮನೆಯಿಂದ ಕರೆ ಬರುತ್ತಿತ್ತು. ಹೀಗೆ ಒಂದೊಂದು ಮನೆಯ ನಂಬಿಕೆ ಗಳಿಸಿ ಕಟ್ಟಿದ್ದು...

ಹದಿನೈದೇ ದಿನಕ್ಕೆ ಬೆಂಚು ಖಾಲಿಯಾಯಿತು. ಕೊಟ್ರೇಶನ ತಾಯಿ ಹೊನ್ನವ್ವ ಪಾರ್ಲರಿನವಳು ಮಗಳ ಮುಖ ಕೆಡಿಸಿದಳೆಂದು ಗುಡಿಯಲ್ಲಿ, ಗಿರಣಿಯಲ್ಲಿ, ಸಿಕ್ಕ ಸಿಕ್ಕಲ್ಲಿ ಹೇಳಿದ್ದಳು. ಮೆಹಂದಿಗೆ ಗೊತ್ತುಮಾಡಿದ್ದ ಮೂರು ಮದುವೆಯವರು ಬೇಡವೆಂದು ಹೇಳಿಕಳಿಸಿದರು.

"ಖರೇ ಏನಂತ ಹೇಳಿಬಿಡು ಬೇಟಿ," ರಹಿಮತಬಿ ಹೊಲಿಗೆ ನಿಲ್ಲಿಸಿ ಹೇಳಿದಳು. "ಸುಮ್ಮನ ಕುಂತು ಯಾಕ ಸಾಯ್ತಿ?"

"ನಂಬಿ ಹೇಳಿದ್ದು ಚಾಚಿ. ಅದನ್ನ ಊರ ಮುಂದ ಹರಡಿ ಅಂಗಡಿ ಉಳಿಸಿಕೊಂಡ್ರ, ನಾಳೆ ಯಾವ ಹೆಣ್ಣುಮಗಳು ನನ್ನ ಮುಂದ ಮುಖಾ ಇಟ್ಟು ಕುಂದರ್ತಾಳ?"

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ರಹಿಮತಬಿ ಒಳಗೆ ಹೋದ ಮೇಲೆ ಖಾಲಿ ಕುರ್ಚಿಯಲ್ಲಿ ತಾನೇ ಕುಳಿತು ಅತ್ತಳು.

ಮರುವಾರದಿಂದ ಚೀಲ ಹೆಗಲಿಗೇರಿಸಿದಳು. ಗುರುವಾರ ಮತ್ತು ಶನಿವಾರ ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಕುಮಾರಪಟ್ಟಣಕ್ಕೆ ಹೋಗಿ, ಫ್ಯಾಕ್ಟರಿಯ ಕ್ವಾರ್ಟರ್ಸ್‌ನಲ್ಲಿ ಬಾಗಿಲು ಬಾಗಿಲು ತಟ್ಟುವುದು. ಮೊದಲ ದಿನ ಹನ್ನೊಂದು ಬಾಗಿಲು ಮುಚ್ಚಿದವು. ಹನ್ನೆರಡನೆಯ ಮನೆಯ ಹೆಂಗಸು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಕೇಳಿದಳು, "ಇಲ್ಲೇ ಮನ್ಯಾಗ ಕುಂತು ಮಾಡ್ತೀರೇನು? ನನಗ ಹೊರಗ ಹೋಗಾಕ ಆಗವಲ್ದು."

"ಮಾಡ್ತೇನ್ರಿ. ಕೂಸು ಮಲಗೂತನ ಕಾಯ್ತೇನಿ."

ಮುಂದಿನ ವಾರ ಆ ಮನೆಗೆ ಪಕ್ಕದ ಇಬ್ಬರು ಬಂದು ಕುಳಿತಿದ್ದರು.

---

ಕೊಟ್ರೇಶ ಮತ್ತೆ ಬಂದದ್ದು ಮಾರ್ಚ್ ತಿಂಗಳಲ್ಲಿ. ಈ ಸಲ ಹೊರಗೇ ನಿಂತು ಕರೆದ.

ಹೊನ್ನವ್ವ ಅರಿಶಿನ ಅರೆದು ಹಚ್ಚಿ ಗುಳ್ಳೆ ಹೆಚ್ಚಾದ ಮೇಲೆ ಅವನು ತಂಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದ. ಡಾಕ್ಟರು ಮುಖ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, 'ಎಷ್ಟು ತಿಂಗಳಿಂದ ಆ ಟ್ಯೂಬ್ ಹಚ್ಚುತ್ತಿದ್ದೆಯಮ್ಮ?'

"ನಿಮಗ ಮೊದ್ಲ ಗೊತ್ತಿತ್ತು," ಎಂದ ಅವನು. ನೆಲ ಬಿಟ್ಟು ಕಣ್ಣು ಮೇಲೇಳಲಿಲ್ಲ. "ಆದ್ರೂ ಹೇಳಲಿಲ್ಲ. ನಾ ಏನೇನೋ ಅಂದುಬಿಟ್ಟೆ... ನಂದು ತಪ್ಪಾತ್ರಿ. ಮಾಫಿ ಮಾಡ್ರಿ."

ಕಾವೇರಿ ಇಷ್ಟು ದಿನ ಹಿಡಿದಿಟ್ಟ ಸಿಟ್ಟು ಹೊರಬಿತ್ತು.

"ಆವತ್ತ ಮೂರು ಮಂದಿ ಮುಂದ ಅಂದ್ರಿ. ಇವತ್ತ ಯಾರೂ ಇಲ್ಲದಾಗ ಬಂದು ಮಾಫಿ ಕೇಳಾಕತ್ತೀರಿ."

ಕೊಟ್ರೇಶನ ಮುಖ ಕಪ್ಪಿಟ್ಟಿತು. ತಿರುಗಿ ನಡೆದ.

ಮರುದಿನ ಅವನು ಆ ಮೂವರ ಮನೆಗೂ ಹೋದ. ತಾನು ವಿಚಾರಿಸದೆ ಮಾತಾಡಿದೆ, ಕಾವೇರಿಯ ತಪ್ಪಿಲ್ಲ ಎಂದ. 'ಮತ್ತ ಹೆಂಗಾತು?' ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ತಂಗಿಯ ಹೆಸರು ಹೇಗೆ ಎತ್ತಿಯಾನು? ಉತ್ತರ ಸಿಗದ ಊರು ತಾನೇ ಒಂದು ಉತ್ತರ ಕಟ್ಟಿತು. ಪಾರ್ಲರ್‌ದಾಕಿ ಕೊಟ್ರೇಶನನ್ನು ಬುಟ್ಟಿಗೆ ಹಾಕಿಕೊಂಡಿದ್ದಾಳೆ ಎಂದಿತು.

ಆ ಶನಿವಾರ ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಅವನು ಎದುರಾದ. ಕಾವೇರಿ ತಾನಾಗಿಯೇ ಅವನ ಹತ್ತಿರ ಹೋದಳು.

"ಇಷ್ಟು ದಿನಾ ನನ್ನ ಕೆಲಸಕ್ಕ ಹೆಸರು ಇಡ್ತಿದ್ರು. ಈಗ ನನಗ ಇಡಾಕತ್ತಾರ. ನಿಮ್ಮ ಉಪಕಾರ ಸಾಕ್ರಿ. ಕೈ ಮುಗೀತೇನಿ, ನನ್ನ ವಿಷಯ ಬಿಟ್ಟುಬಿಡ್ರಿ."

"ನಾ ಛಲೋ ಆಗಲಿ ಅಂತ..."

"ಗೊತ್ತೈತಿ."

ಬಸ್ಸು ಬಂದಿರಲಿಲ್ಲ. ಅವನು ಹೋಗಲೂ ಇಲ್ಲ. ಎರಡು ಮಾರು ದೂರದ ಕಲ್ಲುಬೆಂಚಿನ ಮೇಲೆ ಕುಳಿತ. ತನಗೆ ತಾನೇ ಹೇಳಿಕೊಂಡಂತೆ ಮಾತಾಡಿದ.

"ನಂದು ದಲಾಲಿ ಅಂಗಡಿ. ಮೆಣಸಿನಕಾಯಿ ಬಣ್ಣ ನೋಡಿ ದರ ಹೇಳೂದ ನನ್ನ ಉದ್ಯೋಗ. ಮನ್ಯಾಗೂ ಅದ ಮಾತು. ಆ ಹುಡುಗಿ ಕೆಂಪಗದಾಳ, ಈ ಹುಡುಗಿ ಕಪ್ಪಗದಾಳ... ಶ್ವೇತಾ ಅಲ್ಲೇ ಕುಂತು ಕೇಳಿಕೋತ ಬೆಳದ್ಲು. ಆ ಟ್ಯೂಬ್ ಆಕಿ ಕೈಯಾಗ ಕೊಟ್ಟಾವ್ರು ನಾವು. ಬೈದದ್ದು ನಿಮ್ಮನ್ನ."

ಕಾವೇರಿ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ತಂಗಿಗಾಗಿ ಜಗಳಕ್ಕೆ ಬಂದಿದ್ದ ಮನುಷ್ಯ. ಈಗ ತನ್ನನ್ನೇ ಎದುರು ಹಾಕಿಕೊಂಡು ಕುಳಿತಿದ್ದಾನೆ.

"ಹದಿನೈದು ದಿನಕ್ಕೊಮ್ಮೆ ಡಾಕ್ಟರಿಗೆ ತೋರಿಸೂದು ತಪ್ಪಿಸಬ್ಯಾಡ್ರಿ," ಎಂದಳು ಮೆತ್ತಗೆ. "ಬಿಸಲಾಗ ಕಳಸಬ್ಯಾಡ್ರಿ ಆಕಿನ್ನ."

"ಹ್ಞೂಂ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಬಾರದು ಅಂದುಕೊಂಡಳು... ನೋಡಿದಳು.

---

ಬರುವುದನ್ನು ಮುಂದೂಡಿದ್ದ ಹಾವೇರಿಯ ಗಂಡಿನವರು ಮೇ ತಿಂಗಳಲ್ಲಿ ಬರುವುದೆಂದಾಯಿತು. ಕಾವೇರಿ ಅಕ್ಕ ಬಂದು ತಯಾರು ಮಾಡಿದರೆ ಮಾತ್ರ ಕುಳಿತುಕೊಳ್ಳುತ್ತೇನೆ ಎಂದು ಶ್ವೇತಾ ಹಟ ಹಿಡಿದಳು. ಹೊನ್ನವ್ವನಿಗೆ ಆ ಹೊತ್ತಿಗೆ ಎಲ್ಲ ಗೊತ್ತಿತ್ತು. ಆದರೂ ಹಿತ್ತಲ ಬಾಗಿಲಲ್ಲೇ ಕಾವೇರಿಯನ್ನು ತಡೆದು ಪಿಸುಗುಟ್ಟಿದಳು.

"ಯಾರರ ಕೇಳಿದ್ರ ಪಾರ್ಲರ್‌ದಾಗ ಹಿಂಗಾತು ಅಂತೇನಿ. ನಿನಗ ಇವತ್ತಲ್ಲ ನಾಳೆ ಗಿರಾಕಿ ಬರ್ತಾರ. ನನ್ನ ಮಗಳಿಗೆ ಗಂಡು ಎಲ್ಲಿಂದ ತರಲೆವ್ವ?"

ಕಾವೇರಿ ಅವಳನ್ನು ದಾಟಿ ಒಳಗೆ ಹೋದಳು. ಶ್ವೇತಾಳ ಕೆನ್ನೆಯ ಕೆಂಪು ಬಹಳ ಇಳಿದಿತ್ತು, ಕಲೆಗಳು ಉಳಿದಿದ್ದವು. ಅದರ ಮೇಲೆ ಅವಳು ಏನನ್ನೂ ಬಳಿಯಲಿಲ್ಲ. ಕೂದಲು ಬಾಚಿ ಹೆಣೆದಳು, ಕಣ್ಣಿಗೆ ತೆಳ್ಳಗೆ ಕಾಡಿಗೆ ಎಳೆದಳು, ಸೀರೆಯ ನೆರಿಗೆ ಹಿಡಿದಳು.

ಪಡಸಾಲೆಯಲ್ಲಿ ಉಪ್ಪಿಟ್ಟಿನ ತಾಟು ಸರಿಸಿ ಗಂಡಿನ ದೊಡ್ಡವ್ವ ಉಚ್ಚಂಗೆವ್ವ ಕೇಳಿದಳು, "ಮುಖಕ್ಕ ಏನಾಗೈತವ್ವ ಇದು?"

ಹೊನ್ನವ್ವ ಕಾದಿದ್ದವಳಂತೆ ಅಂದಳು, "ಒಬ್ಬಾಕಿ ಪಾರ್ಲರ್‌ದಾಕಿ ಏನೋ ಹಚ್ಚಿ..."

ಒಳಕೋಣೆಯ ಬಾಗಿಲ ಹಿಂದೆ ಕಾವೇರಿ ಚೌಕಟ್ಟು ಹಿಡಿದು ನಿಂತಳು.

"ಅವ್ವಾ, ಸುಳ್ಳು ಹೇಳಬ್ಯಾಡ," ಕೊಟ್ರೇಶ ಎದ್ದು ನಿಂತಿದ್ದ. "ಆಕಿದು ತಪ್ಪಿಲ್ರಿ. ಊರಾಗ ಆ ಮಾತು ಮೊದ್ಲ ಆಡಿದಾವ ನಾನು."

"ಮತ್ತ ಯಾತರಿಂದ ಆತು?"

ಅವನ ಕಣ್ಣು ಒಳಬಾಗಿಲ ಕಡೆ ಹೋಯಿತು. ಕಾವೇರಿ ತಲೆ ಅಲ್ಲಾಡಿಸಿದಳು. ಬ್ಯಾಡ... ಅವನು ತುಟಿ ಕಚ್ಚಿ ನಿಂತ. ನೋಡಲು ಬಂದಿದ್ದ ನೆರೆಮನೆಯ ಹೆಂಗಸರು ಮುಂದಕ್ಕೆ ಬಾಗಿದರು.

"ನಾನ ಹಚ್ಚಿಕೊಂಡಿದ್ದು."

ತಲೆತಗ್ಗಿಸಿ ಕುಳಿತಿದ್ದ ಶ್ವೇತಾ ಮುಖ ಎತ್ತಿದ್ದಳು.

"ಬೆಳ್ಳಗಾಗಬೇಕಂತ ಐದು ತಿಂಗಳು ತುರಿಕೆ ಮುಲಾಮು ಹಚ್ಚಿಕೊಂಡೆ. ಕಾವೇರಿ ಅಕ್ಕಗ ಗೊತ್ತಾಗಿ ಡಾಕ್ಟರಿಗೆ ತೋರಿಸು ಅಂದಿದ್ರು. ನಾ ಕೇಳಲಿಲ್ಲ. ನನ್ನ ಮಾನ ಹೋಗಬಾರದಂತ ಅವರು ಮೂರು ತಿಂಗಳಿಂದ ಊರ ಬೈಗಳಾ ತಿನ್ನಾಕತ್ತಾರ. ಇನ್ನ ನನ್ನ ಕೈಲಿ ಆಗಂಗಿಲ್ಲ."

ಹೊನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡಿನವರು ತಿಳಿಸುತ್ತೇವೆ ಎಂದು ಎದ್ದರು. ತಿಳಿಸಲಿಲ್ಲ. ಶ್ವೇತಾ ಎರಡು ದಿನ ಅತ್ತು, ಮೂರನೆಯ ದಿನ ಬಿ.ಎಡ್. ಅರ್ಜಿ ತುಂಬಿದಳು.

ಆದರೆ ಎಂಟು ದಿನದ ಮೇಲೆ ಹಾವೇರಿಯಿಂದ ಹೆಂಗಸೊಬ್ಬಳು ಒಂಟಿಯಾಗಿ ಕಾವೇರಿಯ ಅಂಗಡಿಗೆ ಬಂದಳು. ಅದೇ ಗಂಡಿನ ಅತ್ತಿಗೆ. ಚೀಲದ ತಳದಿಂದ ಅರ್ಧ ಹಿಂಡಿದ ಟ್ಯೂಬು ತೆಗೆದು, "ನಾನೂ ಎರಡು ವರ್ಷಾತ್ರಿ ಹಚ್ಚಾಕತ್ತು," ಎಂದಳು. "ನೀವು ಯಾರಿಗೂ ಹೇಳಂಗಿಲ್ಲ ಅಂತ ಗೊತ್ತಾತು. ಅದಕ್ಕ ಬಂದೆ."

ಕಾವೇರಿ ಅವಳನ್ನು ಕೂರಿಸಿ ಹುಬ್ಬಳ್ಳಿ ಡಾಕ್ಟರ ವಿಳಾಸ ಬರೆದುಕೊಟ್ಟಳು. ಅವಳ ನಂತರ ಇನ್ನೊಬ್ಬಳು. ನಂತರ ತಾಯಿ ಮಗಳು. ಜೂನ್ ಮುಗಿಯುವ ಹೊತ್ತಿಗೆ ರಹಿಮತಬಿ ಎರಡನೆಯ ಬೆಂಚು ಹಾಕಿಸಬೇಕಾಯಿತು.

---

ಕುಮಾರಪಟ್ಟಣವನ್ನು ಕಾವೇರಿ ಬಿಡಲಿಲ್ಲ. ಕಷ್ಟದಲ್ಲಿ ಬಾಗಿಲು ತೆರೆದ ಮನೆಗಳು ಅವು. ಒಂದು ಗುರುವಾರ ಸಂಜೆ ಕೆಲಸ ಮುಗಿಸಿ ಬಂದರೆ, ತುಂಗಭದ್ರೆಯ ದಂಡೆಯ ರಸ್ತೆಯಲ್ಲಿ ಕೊಟ್ರೇಶ ನಿಂತಿದ್ದ.

"ಗುರುವಾರ ಮಾರ್ಕೆಟ್ ದಿನಾ ಅಲ್ಲೇನ್ರಿ? ಇಲ್ಲಿ ಹೆಂಗ?"

"ಒಂದು ಮಾತು ಕೇಳಬೇಕಿತ್ತು." ಅವನು ಎರಡು ಹೆಜ್ಜೆ ಹತ್ತಿರ ಬಂದ. "ನಿಮ್ಮನ್ನ ಮದುವಿ ಆಗಬೇಕಂತ ಮಾಡೇನಿ. ನೀವು ಹ್ಞೂಂ ಅಂದ್ರ."

ಕಾವೇರಿ ಹೆಗಲ ಚೀಲವನ್ನು ಕೆಳಗಿಟ್ಟಳು. ಇದಕ್ಕೇ ಹೆದರಿದ್ದಳು. ಇದನ್ನೇ ಕಾದಿದ್ದಳು ಕೂಡ.

"ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಅಂತ ಕೇಳಾಕತ್ತೀರಿ? ಹಂಗಾದ್ರ ಬ್ಯಾಡ್ರಿ. ನಾ ನಿಮ್ಮನ್ನ ಎಂದೋ ಮಾಫಿ ಮಾಡೇನಿ."

"ಪ್ರಾಯಶ್ಚಿತ್ತ ಆಗಿದ್ರ ದೇವರಗುಡ್ಡಕ್ಕ ಹೋಗಿ ಕಾಯಿ ಒಡಸಿ ಸುಮ್ಮನಾಗ್ತಿದ್ದೆ." ಅವನು ಮೊದಲ ಸಲ ಅವಳ ಕಣ್ಣು ನೋಡಿ ಮಾತಾಡಿದ. "ಗುರುವಾರ ಬಂತಂದ್ರ, ನಿಮಗ ಬಸ್ಸಿನ್ಯಾಗ ಸೀಟು ಸಿಕ್ಕೈತೋ, ಚೀಲಾ ಹಿಡಕೊಂಡು ನಿಂತೀರೋ ಅಂತ ಯೋಚನಿ ಮಾಡಿಕೋತ ಮಾರ್ಕೆಟ್ ಟೆಂಡರ್ ಚೀಟ್ಯಾಗ ಕಾಯಿ ದರಾ ತಪ್ಪು ಬರೀತೇನಿ. ಎರಡು ತಿಂಗಳಾತು. ಅಂಗಡ್ಯಾಗ ಎಲ್ಲಾರೂ ನಗಾಕತ್ತಾರ."

ಕಾವೇರಿಗೂ ನಗು ಬಂತು, ಕಣ್ಣು ತುಂಬಿದ್ದರೂ.

"ನಾ ಕೆಲಸಾ ಬಿಡಂಗಿಲ್ಲ."

"ಬಿಡು ಅಂದಾವ್ರು ಯಾರು?"

"ನಿಮ್ಮ ಅವ್ವಾರು?"

"ಅವ್ವ ನಿಮ್ಮ ಮುಂದ ನಿಂದ್ರಾಕ ನಾಚತಾಳ. ನಾಳೆ ನಿಮ್ಮ ಅಪ್ಪಾರ ಕಡೆ ತಾನ ಬರ್ತೇನಿ ಅಂದಾಳ. ಹ್ಞೂಂ ಅಂತೀರೋ ಇಲ್ಲೋ, ಅದನ್ನ ಹೇಳ್ರಿ ಮೊದ್ಲ."

ನದಿಯ ಕಡೆಯಿಂದ ಗಾಳಿ ಬಂದು ಅವಳ ಮುಂಗೂದಲು ಹಾರಿತು. ಅವಳು ಅದನ್ನು ಸರಿಪಡಿಸಿಕೊಳ್ಳಲಿಲ್ಲ.

"ಗುರುವಾರ ಒಮ್ಮೊಮ್ಮೆ ಸೀಟು ಸಿಗತೈತ್ರಿ," ಎಂದಳು. "ಶನಿವಾರ ಮಾತ್ರ ಯಾವತ್ತೂ ಸಿಗಂಗಿಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಹಂಗಾದ್ರ... ಶನಿವಾರ ನಾ ಗಾಡಿ ತರಲೇನು?"

"ತರ್ರಿ."

"ಪ್ರತಿ ಶನಿವಾರ?"

"ಬದುಕಿರೂತನ," ಎಂದಳು ಕಾವೇರಿ.