ದಪ್ಪ ಅಕ್ಷರದ ಸಾಲು

ಹೆಣ್ಣು ನೋಡಲು ಬಂದ ದಿನ ಮಾನ್ವಿಯ ತಾಯಣ್ಣ ನನ್ನೊಡನೆ ಆಡಿದ್ದು ಒಂದೇ ಮಾತು. "ನಿಮ್ಮ ಬ್ಲಾಗ್ ಓದ್ತೀನ್ರಿ." ನನ್ನ ಮನಸ್ಸು ವಾಲಿದ್ದೇ ಅದಕ್ಕೆ. ದೇವದುರ್ಗದಿಂದ ಗಬ್ಬೂರಿನ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗುವ ಟೀಚರ್ ನಾನು. ದಾರಿಯಲ್ಲಿ ಕಂಡದ್ದನ್ನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಓದುವುದಿಲ್ಲ.

ಇವತ್ತು ಸಂಜೆ ಅಪ್ಪ ತಾಯಣ್ಣನವರ ಮನೆಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಅದಕ್ಕೂ ಮೊದಲು ಒಮ್ಮೆ ಮಾತಾಡಬೇಕೆಂದು ಹಟ ಹಿಡಿದು, ರಾಯಚೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವರೆದುರು ಕೂತಿದ್ದೆ. ಚಹಾ ಬಂತು.

"ಪೇಪರ್ ಆಫೀಸಿನ್ಯಾಗ ನಿಮ್ಮ ಕೆಲಸ ಏನ್ರಿ?" ಎಂದೆ.

"ಸುದ್ದಿ ಹುಡುಕೋದ್ರಿ," ಎನ್ನುತ್ತ ಹುರುಪಿನಿಂದ ಫೋನ್ ನನ್ನತ್ತ ತಿರುಗಿಸಿದರು. ಫೀಡ್ ರೀಡರ್ ಅಂತೆ. ಬೇಕಾದ ಪತ್ರಿಕೆ, ಬ್ಲಾಗುಗಳನ್ನು ಒಮ್ಮೆ ಸೇರಿಸಿಟ್ಟರೆ ಹೊಸ ಬರಹಗಳೆಲ್ಲ ತಾವಾಗಿಯೇ ಬಂದು ಒಂದೇ ಕಡೆ ಕೂಡುತ್ತವೆ. "ಓದದೇ ಇದ್ದದ್ದು ದಪ್ಪ ಅಕ್ಷರದಾಗ ಇರ್ತದ. ಓದಿದ್ದು ಇಲ್ಲಿಂದ ಹೋಗಿಬಿಡ್ತದ."

ಮಳೆ ಸುದ್ದಿ, ಭತ್ತದ ಧಾರಣೆ, ಕ್ರಿಕೆಟ್, ಎಲ್ಲ ಓದಿ ಖಾಲಿ. ಕೆಳಗೆ ನನ್ನ ಬ್ಲಾಗಿತ್ತು. ಮೊದಲ ಬರಹದಿಂದ ಮೊನ್ನೆಯದರವರೆಗೆ ಎಲ್ಲವೂ ದಪ್ಪ ಅಕ್ಷರದಲ್ಲಿ ಸಾಲಾಗಿ ನಿಂತಿದ್ದವು. ಒಂದನ್ನೂ ಓದಿಲ್ಲ, ಪುಣ್ಯಾತ್ಮ!

ನನ್ನ ಕಿವಿ ಬಿಸಿಯಾಯಿತು. ಮೊದಲ ಮಾತೇ ಸುಳ್ಳಾದರೆ ಹೂಂ ಅನ್ನುವುದು ಹೇಗೆ? ಬ್ಯಾಗ್ ಎತ್ತಿಕೊಂಡು ಎದ್ದೆ.

"ಹೋಗ್ತೀನ್ರಿ. ಬಸ್ಸಿಗೆ ಹೊತ್ತಾತು."

"ಈಗಷ್ಟ ಬಂದೀರಿ?"

"ಓದ್ತೀನಿ ಅಂತ ಸುಳ್ಳ್ಯಾಕ ಹೇಳಿದ್ರಿ? ಒಂದೂ ಓದಿಲ್ಲಲ್ಲ."

ಅವರು ಫೋನ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ನಕ್ಕರು.

"ಗಬ್ಬೂರ ಬಸ್ಸಿನ್ಯಾಗ ಒಬ್ಬಾಕಿ ಮುದುಕಿ, ಕೋಳಿಗೂ ಟಿಕೆಟ್ ಯಾಕಂತ ಜಗಳಾ ತಗದಿದ್ಳು. ಕಡೀಗೆ ಆ ಕೋಳಿ ನಿಮ್ಮ ತೊಡಿಮ್ಯಾಲೆ ಬಂತು. ಸೀರಿ ಹೊಲಸಾಗಿದ್ದು ನೀವು ಬರ್ದಿಲ್ಲ. ಮನಿಗೆ ಹೋಗಿ ಮೊದ್ಲು ಸೀರಿ ಒಗದೆ ಅಂತಷ್ಟ ಬರ್ದೀರಿ. ನಾನೊಬ್ಬನ ಕುಂತು ನಕ್ಕೀನಿ."

ನಾನು ಮತ್ತೆ ಕೂತೆ.

"ಎಲ್ಲಾ ಓದೀನ್ರಿ. ಓದಿ, ಮತ್ತ 'ಓದಿಲ್ಲ' ಅಂತ ಗುರ್ತು ಹಾಕ್ತೀನಿ. ಇಲ್ಲಂದ್ರ ಕಣ್ಣಮುಂದಿಂದ ಹೋಗಿಬಿಡ್ತಾವ. ಸುದ್ದಿ ಹೋದ್ರ ಹೋಗ್ಲಿ. ನೀವು ಹೋಗಬಾರ್ದು ಅಂತ..."

ಖಾಲಿ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕೂತರು. ಆ ಬೆರಳುಗಳ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ದೇವದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬ್ಲಾಗಿಗೆ ಒಂದೇ ಪದ ಬರೆದು ಹಾಕಿದೆ: ಹೂಂ.

ಬಸ್ಸು ಊರು ದಾಟುವ ಮೊದಲೇ ಫೋನ್ ಬಂತು.

"ಬಂತ್ರೀ," ಎಂದರು.

"ಓದಿದ್ರೇನು?"

"ಓದಿ, ಮತ್ತ ದಪ್ಪ ಮಾಡಾಕತ್ತೀನಿ."

"ಇದೊಂದು ಹೋಗ್ಲಿ ಬಿಡ್ರಿ," ಎಂದೆ. "ದಿನಾ ಕೇಳ್ರಿ, ದಿನಾ ಹೇಳ್ತೀನಿ."