ಉಸಿರಿರುವತನಕ

ಕೋಳಿಮರಿಗೆ ಏನಾಗಿದೆಯೆಂದು ಕಲ್ಲೋಳಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಕತ್ತು ಒಂದು ಕಡೆ ತಿರುಚಿಕೊಂಡಿತ್ತು. ನಡೆಯಲು ಹೋದರೆ ಅಲ್ಲೇ ಗಿರಕಿ ಹೊಡೆದು ಬೀಳುತ್ತಿತ್ತು. ಸುಲ್ತಾನಾಬಿ ಅದನ್ನು ಓಢಣಿಯಲ್ಲಿ ಸುತ್ತಿಕೊಂಡು ಕೂತಿದ್ದಳು.

“ಉಸಿರ ಇರೂತನಕ ಹಲಾಲ ಮಾಡಿಸಿದ್ರ ಒಂದ ಹೊತ್ತಿನ ಸಾರ ಆಗ್ತೈತಿ. ತಾನಾಗಿ ಸತ್ರ ತಿಪ್ಪಿಗೆ,” ಎಂದು ಅವಳ ತಾಯಿ ಊರ ಮುಲ್ಲಾನ ಮಗ ಗಫಾರನನ್ನು ಕರೆಸಿದಳು. ಊರಿನ ಕೋಳಿ ಕೊಯ್ಯುವುದು ಅವನ ಮನೆತನದ ಕೆಲಸ.

ಬಾಗಿಲಲ್ಲಿ ಅವನನ್ನು ಕಂಡವಳೇ ಸುಲ್ತಾನಾಬಿ ಮರಿಯನ್ನು ಎದೆಗೆ ಒತ್ತಿಕೊಂಡಳು. “ಮುಟ್ಟಬ್ಯಾಡ್ರಿ.”

ಗಫಾರ ಮುಟ್ಟಲಿಲ್ಲ. ಕುಕ್ಕರುಗಾಲಲ್ಲಿ ಕೂತು ಮರಿಯನ್ನು ನೋಡಿದ. ಆಮೇಲೆ ಅವಳನ್ನು, ತುಸು ಹೆಚ್ಚು ಹೊತ್ತು. “ಚಾಚಿ, ಇವತ್ತ ಬ್ಯಾಡ. ದುವಾ ಓದಿ ಊದ್ತೇನಿ. ನಾಳೆ ನೋಡೂಣು,” ಎಂದು ತಾಯಿಗೆ ಹೇಳಿದ.

ಮರುದಿನ ಬೆಳ್ಳುಳ್ಳಿ ತಂದ. ಆಮೇಲೊಂದು ದಿನ ಗೋಕಾಕ ಸಂತೆಯಿಂದ ಹರಳೆಣ್ಣೆ. ಅವನು ಕೊಕ್ಕು ಬಿಡಿಸಿ ಹಿಡಿಯುತ್ತಿದ್ದ, ಅವಳು ಹನಿ ಹಾಕುತ್ತಿದ್ದಳು. ಇಬ್ಬರ ಬೆರಳಿಗೂ ಒಂದೇ ಎಣ್ಣೆ.

“ನಿಮ್ಮ ಔಷಧಕ್ಕ ಅರ್ಧ ಸತ್ತೈತಿ ನೋಡ್ರಿ.”

“ಇನ್ನರ್ಧ ನಿನ್ನ ಅಳೂದಕ್ಕ ಅಂಜಿ ಸಾಯವಲ್ದು.”

ಅವಳು ನಕ್ಕಳು. ಹುಕ್ಕೇರಿಯ ಸಂಬಂಧ ಗಟ್ಟಿಯಾದ ಮೇಲೆ ನಕ್ಕದ್ದು ಅದೇ ಮೊದಲು. ಗಂಡಿನ ಮೊದಲ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿದ್ದವು. ಅಪ್ಪ ಮಾತು ಕೊಟ್ಟಾಗಿತ್ತು. ಕರೆದೊಯ್ಯುವ ಚಕ್ಕಡಿ ಬರುವುದಷ್ಟೇ ಬಾಕಿ.

ಮರಿ ಇರುವತನಕ ಗಫಾರ ಬರುತ್ತಾನೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅಂಗೈಯಲ್ಲಿ ನುಚ್ಚು ಹಿಡಿದು, “ಒಂದ ಕಾಳರ ತಿನ್ನ,” ಎಂದು ಮರಿಯ ಮುಂದೆ ಗೋಗರೆದಳು. ಅದು ಕೊಕ್ಕು ತೆರೆಯಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಗಫಾರ ಬಂದಾಗ ಮರಿಯ ಕಣ್ಣ ಮೇಲೆ ಬಿಳಿ ಪೊರೆ ಸರಿದಿತ್ತು. ತಾಯಿ ಒಲೆ ಬಿಟ್ಟು ಓಡಿಬಂದಳು.

“ಗಫಾರ, ಕತ್ತಿ ತಗಿ! ಉಸಿರ ಹೊಂಟೈತಿ!”

ಅವನು ಕದಲಲಿಲ್ಲ.

“ತಗಿಯೋ!”

ತಾಯಿಯೇ ಅವನ ಸೊಂಟದ ಒರೆಗೆ ಕೈ ಹಾಕಿದಳು. ಒರೆ ಖಾಲಿ ಇತ್ತು.

“ಇವತ್ತ ಮರತ ಬಂದಿ?”

“ದಿನಾ, ಚಾಚಿ,” ಎಂದ ಗಫಾರ. ನೋಡುತ್ತಿದ್ದುದು ಸುಲ್ತಾನಾಬಿಯನ್ನು.

ತಾಯಿ ಅವನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಬೈಯಲಿಲ್ಲ. “ಇನ್ನ ಇಲ್ಲಿ ನಿನಗೇನ ಕೆಲಸ ಐತೆಪಾ? ಹೋಗು,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಮರಿ ತಣ್ಣಗಾಗಿತ್ತು. ಹೂಳಲು ಅವನು ಕೈ ಚಾಚಿದ. ಕೊಡುವಾಗ ಅವಳ ಬೆರಳು ಅವನ ಅಂಗೈಯಲ್ಲಿ ಒಂದು ಕ್ಷಣ ಉಳಿಯಿತು.

“ಹುಕ್ಕೇರ್ಯಾಗ ಕೋಳಿ ಸಾಕ್ತಿ?”

“ಸಾಕೂದಿಲ್ರಿ.”

“ಯಾಕ?”

“ಅಲ್ಲೂ ಒಬ್ಬ ಮುಲ್ಲಾ ಇರ್ತಾನಲ್ರಿ,” ಎಂದಳು ಸುಲ್ತಾನಾಬಿ. “ಅವ ಕತ್ತಿ ತಗೊಂಡ ಬರ್ತಾನ.”