ನೀರಿನೊಳಗಿನ ಗಂಟು

ಇದನ್ನು ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಜೌಗಿನಲ್ಲಿ ಬೆಳೆಯುವ ಜೊಂಡಿನಲ್ಲಿ ಈ ನೆಲದ್ದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ಗುರುತಿಸುವುದು ನನ್ನ ಕೆಲಸ. ಕಲಿಸಿದವಳು ಅಕ್ಕ. "ಕಂದು ತೆನೆಗೂ ಅದರ ಮೇಲಿನ ಸಣ್ಣ ತೆನೆಗೂ ನಡುವೆ ಬೆರಳು ಹಿಡಿಯೋಷ್ಟು ಬರೀ ಕಾಂಡ ಇದ್ರೆ ನಮ್ದು, ಪಟ್ಟಿ ಕಟ್ಟು. ಎರಡೂ ಅಂಟ್ಕೊಂಡಿದ್ರೆ ಹೊರಗಿನದು, ಬಿಟ್ಬಿಡು," ಅನ್ನುತ್ತಿದ್ದಳು. ಪಟ್ಟಿಯಿಲ್ಲದ್ದನ್ನೆಲ್ಲ ಯಂತ್ರ ಕತ್ತರಿಸುತ್ತದೆ.

ಹೋದ ವರ್ಷ ಹಳದಿ ಪಟ್ಟಿ ಹಿಡಿದು ಜೊಂಡಿನೊಳಗೆ ಹೋದ ಅಕ್ಕ ಹೊರಗೆ ಬರಲಿಲ್ಲ. ಒಂಬತ್ತು ದಿನ ಹುಡುಕಿ ಎಲ್ಲರೂ ಕೈಚೆಲ್ಲಿದರು. ನಮಗೆ ಅವಳ ಚಪ್ಪಲಿಯೂ ಸಿಗಲಿಲ್ಲ.

ಈ ವರ್ಷ ಅದೇ ಜಾಗಕ್ಕೆ ನಾನು ಇಳಿದದ್ದು ಮಟಮಟ ಮಧ್ಯಾಹ್ನ. ಒಂದು ಕಪ್ಪೆಯ ಸದ್ದೂ ಇರಲಿಲ್ಲ. ಗಾಳಿಯಿಲ್ಲದಿದ್ದರೂ ಒಂದು ಗುಂಪು ಜೊಂಡು ಮಾತ್ರ ತೂಗುತ್ತಿತ್ತು. ತೆನೆಗಳು ಅಂಟಿಕೊಂಡಿದ್ದವು, ಹೊರಗಿನದೇ, ಸಂಶಯವಿಲ್ಲ. ಆದರೆ ಕಾಂಡ ಜ್ವರ ಬಂದವರ ಕೈಯಂತೆ ಬೆಚ್ಚಗಿತ್ತು. ಕೈಯನ್ನು ಕೆಳಗೆ ಜಾರಿಸಿದೆ. ಮೊಣಕೈ ಮುಳುಗುವಷ್ಟು ಆಳದಲ್ಲಿ, ತಣ್ಣನೆಯ ನೀರಿನೊಳಗೆ, ಪಟ್ಟಿ ಸಿಕ್ಕಿತು. ಪಕ್ಕದ ಕಾಂಡಕ್ಕೂ ಇತ್ತು, ಅದರಾಚೆಯದಕ್ಕೂ. ಎಲ್ಲಕ್ಕೂ ಅಕ್ಕನ ಎಡಗೈ ಗಂಟು, ಎಡಚಿಯಾದ ಅವಳು ಮಾತ್ರ ಹಾಕುತ್ತಿದ್ದ ಉಲ್ಟಾ ಗಂಟು.

"ಏನಮ್ಮಾ, ನಮ್ದಾ, ಹೊರಗಿನದಾ? ಬೇಗ ಹೇಳು," ಯಂತ್ರದವನು ದಡದಿಂದ ಕೂಗಿದ.

"ನಮ್ದು," ಅಂದೆ. ಈ ಕೆಲಸದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು.

ಒಂದು ಪಟ್ಟಿಯನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಹಳದಿಯಲ್ಲ, ನೀಲಿ. ನೀಲಿ ಪಟ್ಟಿ ನಮ್ಮ ಕಚೇರಿಗೆ ಬಂದದ್ದೇ ಆ ಬೆಳಿಗ್ಗೆ, ಅದೂ ಒಂದೇ ಸುರುಳಿ. ಅದು ನನ್ನ ಜೇಬಿನಲ್ಲಿತ್ತು. ಮೇಲಿನ ಕಾಗದವನ್ನೂ ನಾನಿನ್ನೂ ಹರಿದಿರಲಿಲ್ಲ.